ಬೆಂದ ಗೂಡು, ಸುಟ್ಟ ಕಲ್ಲು

ರಾಮನಗರದ ಮಾರುಕಟ್ಟೆಯಲ್ಲಿ ಹರಾಜಾದ ರೇಷ್ಮೆಗೂಡಿನ ಆಯುಷ್ಯ ಅಲ್ಲಿಗೆ ಮುಗಿದಂತೆಯೇ. ಒಳಗಿರುವ ಪ್ಯೂಪಾ ಚಿಟ್ಟೆಯಾಗಿ ಗೂಡನ್ನು ತೂತು ಮಾಡಿಕೊಂಡು ಹೊರಬಂದರೆ ಎಳೆ ತುಂಡಾಗುತ್ತದೆ, ತೂತಾದ ಗೂಡಿಗೆ ನೂಲು ಬಿಚ್ಚುವ ರೀಲರ್ ಬೆಲೆ ಕಟ್ಟುವುದಿಲ್ಲ. ಹಾಗಾಗಿ ಬಿಸಿಗಾಳಿಯಲ್ಲೋ ಹಬೆಯಲ್ಲೋ ಮೊದಲು ಹುಳವನ್ನು ಸಾಯಿಸಿ, ಆಮೇಲೆ ಗೂಡನ್ನು ಬೇಯಿಸುತ್ತಾರೆ. ಬಿಸಿನೀರಿನ ಬೇಸಿನ್ನಿನಲ್ಲಿ ಬೆಂದ ಗೂಡುಗಳು ತೇಲಾಡುತ್ತಿರುವಾಗ ಎಳೆಯ ತುದಿ ಹುಡುಕಿ ರಾಟೆಗೆ ಏರಿಸುವ ಹೆಣ್ಣುಮಕ್ಕಳ ಬೆರಳು ದಿನವಿಡೀ ನೀರಲ್ಲೇ ಇದ್ದು ಬಿಳಿಚಿ ಸುಕ್ಕುಗಟ್ಟಿರುತ್ತವೆ. ಒಂದು ಕೆಜಿ ನೂಲಿಗೆ ಸುಮಾರು 7 ಕೆಜಿ ಗೂಡು ಬೇಕು. ಮದುವೆಯ ಒಂದು ಸೀರೆಗೆ ಎರಡು ಸಾವಿರಕ್ಕೂ ಹೆಚ್ಚು ಗೂಡು ಬೇಯುತ್ತವೆ.

ಈ ಸಾವು ಯಾರ ತಲೆಗೆ ಎಂಬ ಪ್ರಶ್ನೆ ಹಳೆಯದು. ಹಿಪ್ಪುನೇರಳೆ ಸೊಪ್ಪು ಹಾಕಿ ಹುಳ ಸಾಕಿದ ಕನಕಪುರದ ರೈತನಿಗೋ, ಬೇಯಿಸಿದ ರಾಮನಗರದ ರೀಲರಿಗೋ, ನೇಯ್ದವನಿಗೋ, ಉಟ್ಟವಳಿಗೋ? ಒಂದು ಕಡೆ ರೇಷ್ಮೆಯೇ ಮಡಿ; ಪೂಜೆಗೆ ಕೂರುವವರು ಹತ್ತಿ ಬಿಟ್ಟು ಪೀತಾಂಬರ ಉಡುತ್ತಾರೆ. ಇನ್ನೊಂದು ಕಡೆ ಎಷ್ಟೋ ಜೈನರ ಮನೆಗಳಲ್ಲಿ ದೇವರ ಕೆಲಸಕ್ಕೆ ರೇಷ್ಮೆ ಮುಟ್ಟುವುದಿಲ್ಲ. ಕಂಚಿಯ ಚಂದ್ರಶೇಖರೇಂದ್ರ ಸರಸ್ವತಿ ಸ್ವಾಮಿಗಳೂ ರೇಷ್ಮೆ ಸೀರೆಯ ಮೋಹ ಬಿಡಿ ಎಂದು ಭಕ್ತೆಯರಿಗೆ ಹೇಳುತ್ತಿದ್ದರು. ಒಂದೇ ಬಟ್ಟೆ ಒಬ್ಬರಿಗೆ ಶುದ್ಧಿ, ಇನ್ನೊಬ್ಬರಿಗೆ ಹಿಂಸೆ.

ಇದೇ ಪ್ರಶ್ನೆಯನ್ನು ಈಗ ಜಗತ್ತಿನ ರಾಷ್ಟ್ರಗಳು ಬೇರೆ ಮಾತಿನಲ್ಲಿ ಕೇಳಿಕೊಳ್ಳುತ್ತಿವೆ. ವಸ್ತು ರೇಷ್ಮೆಯಲ್ಲ, ಸಿಮೆಂಟು, ಉಕ್ಕು, ಗೊಬ್ಬರ. ಸಾಯುವುದು ಹುಳವಲ್ಲ, ಬಿಸಿಯೇರುವುದು ಗಾಳಿ. ಯಾವ ಪ್ರದೇಶದ ಕೈಗಾರಿಕೆ ಎಷ್ಟು ಇಂಗಾಲದ ಡೈಆಕ್ಸೈಡ್ ಬಿಟ್ಟಿತು ಎಂದು ಪಟ್ಟಿ ಮಾಡುವಾಗ ಆ ಅನಿಲವನ್ನು ಯಾರ ಹೆಸರಿಗೆ ಬರೆಯಬೇಕು? ಮೇಲ್ನೋಟಕ್ಕೆ ಇದು ಗುಮಾಸ್ತರ ಕೆಲಸ. ಸ್ವಲ್ಪ ಕೆದಕಿದರೆ ಪಾಪ, ಪಾಲು, ಕರ್ತೃತ್ವಗಳ ಹಳೆಯ ಧರ್ಮಜಿಜ್ಞಾಸೆ.

ಮೊದಲು ಒಂದು ವ್ಯತ್ಯಾಸ ತಿಳಿಯಬೇಕು. ರೀಲರ್ ಬಾಯ್ಲರಿಗೆ ಸೌದೆ ಹಾಕಿದರೆ ಹೊಗೆ ಬರುತ್ತದೆ. ಸೌದೆ ಬಿಟ್ಟು ಗ್ಯಾಸ್ ಹಾಕಬಹುದು, ಬಿಸಿಲಿನಿಂದ ನೀರು ಕಾಯಿಸಬಹುದು, ಹೊಗೆ ಕಡಿಮೆಯಾಗುತ್ತದೆ. ಆದರೆ ಹುಳ ಸಾಯುವುದು ತಪ್ಪುವುದಿಲ್ಲ. ಅದು ಉರಿಯ ದೋಷವಲ್ಲ, ಕೆಲಸದ ಒಳಗೇ ಇರುವ ದೋಷ. ಸಿಮೆಂಟಿನದ್ದೂ ಹೀಗೆಯೇ. ಸುಣ್ಣದ ಕಲ್ಲನ್ನು ಸುಡುವ ಗೂಡಿಗೆ ಹಾಕಿ ಕಾಯಿಸಿದಾಗ 100 ಕೆಜಿ ಶುದ್ಧ ಕಲ್ಲು 56 ಕೆಜಿ ಸುಟ್ಟ ಸುಣ್ಣವಾಗುತ್ತದೆ, ಉಳಿದ 44 ಕೆಜಿ ಇಂಗಾಲದ ಡೈಆಕ್ಸೈಡ್ ಆಗಿ ಹಾರಿಹೋಗುತ್ತದೆ. ಇದು ಕಲ್ಲಿದ್ದಲಿನ ಹೊಗೆಯಲ್ಲ, ಕಲ್ಲಿನೊಳಗೇ ಕೂತಿದ್ದ ಅನಿಲ. ಗೂಡನ್ನು ಸೌರವಿದ್ಯುತ್ತಿನಿಂದ ಕಾಯಿಸಿದರೂ ಅಷ್ಟೇ ಬರುತ್ತದೆ. ಉಕ್ಕಿನ ಊದುಕುಲುಮೆಯಲ್ಲಿ ಕೋಕ್ ಬರೀ ಉರಿಯಲ್ಲ, ಅದಿರಿನಿಂದ ಆಮ್ಲಜನಕ ಕಿತ್ತುಕೊಳ್ಳುವ ಕೆಲಸವೂ ಅದರದ್ದೇ. ಕಿತ್ತುಕೊಂಡದ್ದು ಮತ್ತೆ ಅದೇ ಅನಿಲವಾಗಿ ಹೊರಬೀಳುತ್ತದೆ. ಇವನ್ನೆಲ್ಲ ಲೆಕ್ಕಪತ್ರಗಳು ಇಂಧನದ ಹೊಗೆಯಿಂದ ಬೇರ್ಪಡಿಸಿ ಕೈಗಾರಿಕಾ ಪ್ರಕ್ರಿಯೆಯ ಹೊರಸೂಸುವಿಕೆ ಎಂಬ ತಲೆಬರಹದಡಿ ಇಡುತ್ತವೆ. ಭಾರತ 2024ರ ಕೊನೆಯಲ್ಲಿ ವಿಶ್ವಸಂಸ್ಥೆಗೆ ಒಪ್ಪಿಸಿದ ವರದಿಯಂತೆ 2020ರಲ್ಲಿ ದೇಶದ ಒಟ್ಟು ಹಸಿರುಮನೆ ಅನಿಲಗಳಲ್ಲಿ ಈ ಬಾಬತ್ತಿನ ಪಾಲು ನೂರಕ್ಕೆ 8.

ಜೈನರ ಆಚಾರಶಾಸ್ತ್ರ ಗೃಹಸ್ಥನ ಹಿಂಸೆಯನ್ನು ನಾಲ್ಕಾಗಿ ವಿಂಗಡಿಸುತ್ತದೆ: ಬೇಕೆಂದೇ ಮಾಡುವ ಸಂಕಲ್ಪಿ, ಅಡುಗೆ ಕಸಮುಸುರೆಯಲ್ಲಿ ಆಗಿಹೋಗುವ ಆರಂಭಿ, ಹೊಟ್ಟೆಪಾಡಿನ ಕಸುಬಿನಲ್ಲಿ ಆಗುವ ಉದ್ಯೋಗಿ, ತನ್ನ ರಕ್ಷಣೆಗಾಗಿ ಮಾಡುವ ವಿರೋಧಿ. ಮೊದಲನೆಯದನ್ನು ಬಿಡಲೇಬೇಕು. ಉಳಿದವು ಸಂಸಾರಿಗೆ ತಪ್ಪಿದ್ದಲ್ಲ, ಆದಷ್ಟು ಕಡಿಮೆ ಮಾಡಿಕೊಳ್ಳಬೇಕು. ಸುಣ್ಣದ ಕಲ್ಲಿನಿಂದ ಏಳುವ ಅನಿಲ ಮೂರನೆಯ ಜಾತಿಯದು. ಗಾಳಿ ಕೆಡಿಸಬೇಕೆಂದು ಯಾರೂ ಸಿಮೆಂಟ್ ಮಾಡುವುದಿಲ್ಲ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳಲ್ಲಿ ಸುಣ್ಣದ ಕಲ್ಲು ಸುಡುವ ದೊಡ್ಡ ಸಿಮೆಂಟ್ ಕಾರ್ಖಾನೆ ಇಲ್ಲ, ಅದಿರು ಕರಗಿಸುವ ಊದುಕುಲುಮೆಯೂ ಇಲ್ಲ. ಇಲ್ಲಿರುವುದು ಬೇರೆ ಕಲ್ಲು. ಸುಮಾರು 250 ಕೋಟಿ ವರ್ಷ ಹಳೆಯ, ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುವ ಬಂಡೆ. ರಾಮದೇವರ ಬೆಟ್ಟ, ಸಾವನದುರ್ಗ ಎಲ್ಲ ಅದರದ್ದೇ ಸಂತಾನ. ಇದನ್ನು ಒಡೆದು ಜಲ್ಲಿ ಮಾಡಿದರೆ ಧೂಳು ಏಳುತ್ತದೆ, ಕಲ್ಲಿನೊಳಗಿಂದ ಇಂಗಾಲ ಏಳುವುದಿಲ್ಲ. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಸಿಡಿದು ಬೇರೆಯಾಗಿ, 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಿಸಿಕೊಂಡ ಈ ಜಿಲ್ಲೆಗೆ ಪ್ರಕ್ರಿಯೆಯ ಲೆಕ್ಕ ಬರೆದರೆ ಅಂಕಣ ಹೆಚ್ಚುಕಡಿಮೆ ಖಾಲಿಯೇ ಇರುತ್ತದೆ.

ಖಾಲಿ ಅಂಕಣದ ಈ ಜಿಲ್ಲೆಯಲ್ಲಿ ಏನೇನಿದೆ ನೋಡಿ. ಬಿಡದಿಯಲ್ಲಿ 1999ರಿಂದ ಟೊಯೋಟಾ ಕಾರು ತಯಾರಾಗುತ್ತಿದೆ. ಅದರ ಉಕ್ಕು ಎಲ್ಲೋ ಕುಲುಮೆಯಲ್ಲಿ ಕರಗಿ ಬಂದದ್ದು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥ ಬಿಡದಿ, ರಾಮನಗರ, ಚನ್ನಪಟ್ಟಣಗಳನ್ನು ಮೇಲ್ಸೇತುವೆ, ಬೈಪಾಸುಗಳಲ್ಲಿ ದಾಟಿಹೋಗುತ್ತದೆ. ಅದರ ಒಂದೊಂದು ಕಂಬದಲ್ಲೂ ಸಿಮೆಂಟು, ಕಂಬಿ. (ಹಳೆ ರಸ್ತೆಯ ಬೊಂಬೆ ಅಂಗಡಿಗಳವರು ಗಿರಾಕಿ ಕಳೆದುಕೊಂಡದ್ದು ಬೇರೆಯೇ ಕಥೆ. ಹಾಲೆ ಮರ, ಅರಗು, ಚರಕಿ ಯಂತ್ರದ ಆ ಕಸುಬಿಗೆ ಕುಲುಮೆಯೂ ಬೇಡ, ಸುಣ್ಣದ ಗೂಡೂ ಬೇಡ. ಹೊಡೆತ ಬಿದ್ದದ್ದು ಅದಕ್ಕೇ.) ಹಾರೋಹಳ್ಳಿಯ ಕೈಗಾರಿಕಾ ಪ್ರದೇಶ, ಕನಕಪುರ ರಸ್ತೆಯುದ್ದಕ್ಕೂ ಎದ್ದಿರುವ ಬಡಾವಣೆಗಳು ಎಲ್ಲವೂ ಚೀಲಗಟ್ಟಲೆ ಸುಟ್ಟ ಕಲ್ಲನ್ನು ನುಂಗಿವೆ.

ಭಕ್ತಿಯೂ ಹಿಂದೆ ಬಿದ್ದಿಲ್ಲ. ಚನ್ನಪಟ್ಟಣ ತಾಲ್ಲೂಕಿನ ಗೌಡಗೆರೆಯಲ್ಲಿ 60 ಅಡಿ ಎತ್ತರದ ಪಂಚಲೋಹದ ಚಾಮುಂಡೇಶ್ವರಿ ನಿಂತಿದ್ದಾಳೆ. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು 1907ರಲ್ಲಿ ಹುಟ್ಟಿದ ಮಾಗಡಿ ತಾಲ್ಲೂಕಿನ ವೀರಾಪುರಕ್ಕೆ 111 ಅಡಿಯ ಪ್ರತಿಮೆಯ ಯೋಜನೆ ಬಂದಿತು. ದಾಸೋಹವನ್ನೇ ಬದುಕು ಮಾಡಿಕೊಂಡು, ಮಕ್ಕಳಿಗೆ ಅನ್ನ ಅಕ್ಷರ ಕೊಟ್ಟ ಒಬ್ಬರನ್ನು ನೆನೆಯಲು ಎಷ್ಟು ಎತ್ತರ ಸಾಕು ಎಂದು ಕೇಳಿದರೆ ಭಕ್ತರ ಮನಸ್ಸು ನೋಯಬಹುದು. ಕೇಳದೆ ಬಿಟ್ಟರೆ ಪ್ರಶ್ನೆಗೆ ನೋವಾಗುತ್ತದೆ.

ಈ ಸಿಮೆಂಟಿನ ಚೀಲಗಳು ಬರುವುದೆಲ್ಲಿಂದ? ಆಂಧ್ರ, ತಮಿಳುನಾಡುಗಳಿಂದ, ಮತ್ತು ರಾಜ್ಯದೊಳಗೆ ಮುಖ್ಯವಾಗಿ ಕಲಬುರಗಿಯಿಂದ. ವಾಡಿ, ಸೇಡಂ, ಮಳಖೇಡಗಳ ನೆಲದಡಿ ಸುಣ್ಣದ ಕಲ್ಲಿನ ಹಾಸು ಇದೆ; ಅದರ ಮೇಲೆ ದೇಶದ ದೊಡ್ಡ ಸಿಮೆಂಟ್ ಸ್ಥಾವರಗಳು ಕೂತಿವೆ. ಮಳಖೇಡ ರಾಷ್ಟ್ರಕೂಟರ ಮಾನ್ಯಖೇಟ. ಕಾಗಿಣಾ ದಂಡೆಯ ಆ ರಾಜಧಾನಿಯಲ್ಲಿ ಜೈನ ಮುನಿ ಜಿನಸೇನರನ್ನು ಅಮೋಘವರ್ಷ ನೃಪತುಂಗ ಗೌರವಿಸಿದ. ಗಣಿತಸಾರಸಂಗ್ರಹ ಬರೆದ ಮಹಾವೀರಾಚಾರ್ಯನೂ ಅದೇ ದೊರೆಯ ಕಾಲದವನು. ಅಹಿಂಸೆ ಮತ್ತು ಗಣಿತ ಎರಡನ್ನೂ ಸಾಕಿದ ಊರಿನ ಪಕ್ಕದಲ್ಲೇ ಈಗ ಸುಣ್ಣದ ಕಲ್ಲು 1,450 ಡಿಗ್ರಿ ಉರಿಯಲ್ಲಿ ಸಿಮೆಂಟಿನ ಮೂಲವಾದ ಕ್ಲಿಂಕರ್ ಆಗುತ್ತದೆ. ಒಂದು ಟನ್ ಕ್ಲಿಂಕರಿಗೆ ಕಲ್ಲಿನಿಂದಲೇ ಬರುವ ಅನಿಲ ಅರ್ಧ ಟನ್ನಿಗೂ ತುಸು ಹೆಚ್ಚು. ಹಾರುಬೂದಿ ಬೆರೆಸದ ಸಾಮಾನ್ಯ ಸಿಮೆಂಟಿನ 50 ಕೆಜಿ ಚೀಲಕ್ಕೆ ಸುಮಾರು 25 ಕೆಜಿ. ಇಂಧನದ ಹೊಗೆ ಇದರ ಮೇಲೆ ಬೇರೆ. ಲೆಕ್ಕದ ಪುಸ್ತಕದಲ್ಲಿ ಆ 25 ಕೆಜಿ ಗೂಡು ಇರುವ ಜಾಗಕ್ಕೆ ಸೇರುತ್ತದೆ, ಮನೆ ಎದ್ದ ಜಾಗಕ್ಕಲ್ಲ.

ರತ್ನಾಕರನ ಕಥೆ ಕನ್ನಡದ ಮಕ್ಕಳಿಗೆಲ್ಲ ಗೊತ್ತು. ದಾರಿಹೋಕರನ್ನು ದೋಚಿ ಹೆಂಡತಿ ಮಕ್ಕಳನ್ನು ಸಾಕುತ್ತಿದ್ದ ಬೇಡನಿಗೆ ನಾರದರು ಕೇಳಿದ್ದು ಒಂದೇ ಪ್ರಶ್ನೆ: ನೀನು ತಂದದ್ದನ್ನು ಉಣ್ಣುವವರು ನಿನ್ನ ಪಾಪದಲ್ಲಿ ಪಾಲು ತಗೊಳ್ತಾರಾ, ಹೋಗಿ ಕೇಳಿಕೊಂಡು ಬಾ. ಮನೆಯವರು ಕೈಯೊದರಿದರು. ಸಾಕುವುದು ನಿನ್ನ ಧರ್ಮ, ಪಾಪ ನಿನ್ನದು. ವಾಲ್ಮೀಕಿ ಹುಟ್ಟಿದ್ದು ಆ ಉತ್ತರದಿಂದ. ಇಂದಿನ ಅಂತರರಾಷ್ಟ್ರೀಯ ಲೆಕ್ಕಪದ್ಧತಿ ಹೆಚ್ಚುಕಡಿಮೆ ಆ ಮನೆಯವರ ಪರ ನಿಂತಿದೆ. ಅನಿಲ ಎದ್ದದ್ದು ಯಾವ ದೇಶದ ಗಡಿಯೊಳಗೋ ಆ ದೇಶದ ತಲೆಗೆ. ಉಂಡವರ ಹೆಸರು ಇಲ್ಲ.

ಗೀತೆ ಕೊನೆಯ ಅಧ್ಯಾಯದಲ್ಲಿ ಒಂದು ಕರ್ಮಕ್ಕೆ ಐದು ಕಾರಣ ಹೇಳುತ್ತದೆ: ನೆಲೆ, ಕರ್ತೃ, ಸಾಧನ, ಪ್ರಯತ್ನ, ದೈವ. ಗಡಿ ನೋಡಿ ಬರೆಯುವ ಲೆಕ್ಕ ಈ ಐದರಲ್ಲಿ ಮೊದಲನೆಯದನ್ನು ಮಾತ್ರ ಹಿಡಿದುಕೊಂಡಿದೆ. ಅದಕ್ಕೆ ಕಾರಣವೂ ಸರಳ, ಚಿಮಣಿ ಕಾಣುತ್ತದೆ, ಅಳೆಯಬಹುದು.

ಜೈನ ತತ್ತ್ವಾರ್ಥಸೂತ್ರ ಇಷ್ಟಕ್ಕೆ ಒಪ್ಪುವುದಿಲ್ಲ. ಮಾಡಿದ್ದು, ಮಾಡಿಸಿದ್ದು, ಅನುಮೋದಿಸಿದ್ದು ಮೂರೂ ಕರ್ಮವೇ. ಇದನ್ನು ಕ್ರಿಯೆಯ ಮೂರು ಹಂತ, ಮನ–ವಚನ–ಕಾಯಗಳ ಮೂರು ಬಾಗಿಲು, ಕಷಾಯಗಳೆಂಬ ನಾಲ್ಕು ಮನೋವಿಕಾರಗಳೊಂದಿಗೆ ಗುಣಿಸಿ 108 ಬಗೆ ಎಣಿಸುತ್ತಾರೆ. ಹೊರಸೂಸುವಿಕೆಯ ತಜ್ಞರು ನೇರ, ಪರೋಕ್ಷ, ಸರಬರಾಜು ಸರಪಣಿ ಎಂದು ಮಾಡಿಕೊಂಡಿರುವ ಮೂರು ವರ್ಗಗಳು ಇದರ ಮುಂದೆ ಬಾಲಬೋಧೆ. ಮನುಸ್ಮೃತಿಯೂ ಮಾಂಸದ ವಿಷಯದಲ್ಲಿ ಒಪ್ಪಿಗೆ ಕೊಟ್ಟವನು, ಕೊಯ್ದವನು, ಕೊಂದವನು, ಕೊಂಡವನು, ಮಾರಿದವನು, ಬೇಯಿಸಿದವನು, ಬಡಿಸಿದವನು, ತಿಂದವನು ಎಲ್ಲರನ್ನೂ ಕೊಂದವರ ಸಾಲಿಗೇ ಸೇರಿಸುತ್ತದೆ. ಆದರೆ ಎಲ್ಲರೂ ಪೂರ್ತಿ ತಪ್ಪಿತಸ್ಥರು ಎಂದುಬಿಟ್ಟರೆ ಲೆಕ್ಕದವನಿಗೆ ಪೇಚಾಟ. ಒಂದೇ ಟನ್ನನ್ನು ಎಂಟು ಜನರ ಹೆಸರಿಗೆ ಬರೆದರೆ ಕೂಡಿದಾಗ ಎಂಟು ಟನ್ ಆಗುತ್ತದೆ, ಗಾಳಿಯಲ್ಲಿರುವುದು ಒಂದೇ. ಧರ್ಮಶಾಸ್ತ್ರಕ್ಕೆ ಈ ತಲೆನೋವಿಲ್ಲ, ಏಕೆಂದರೆ ಪಾಪ ಹಂಚಿದರೆ ಕರಗುವ ವಸ್ತುವಲ್ಲ. ಅನಿಲ ಹಾಗಲ್ಲ.

ರಾಮನಗರದಲ್ಲಿ ನೂಲು ಬಿಚ್ಚಾಣಿಕೆ ಮಾಡುವವರಲ್ಲಿ ಮುಸ್ಲಿಂ ಕುಟುಂಬಗಳೇ ಹೆಚ್ಚು. ಅವರ ಕುರಾನ್ ಒಬ್ಬರ ಹೊರೆಯನ್ನು ಇನ್ನೊಬ್ಬರು ಹೊರುವುದಿಲ್ಲ ಎಂಬ ಮಾತನ್ನು ಹಲವು ಕಡೆ ಮತ್ತೆ ಮತ್ತೆ ಹೇಳುತ್ತದೆ. ಆದರೆ ಹದಿನಾರನೆಯ ಅಧ್ಯಾಯದಲ್ಲಿ, ಇನ್ನೊಬ್ಬರನ್ನು ದಾರಿ ತಪ್ಪಿಸಿದವರು ತಮ್ಮ ಹೊರೆಯ ಜೊತೆಗೆ ತಪ್ಪಿದವರ ಹೊರೆಯಲ್ಲೂ ಒಂದಿಷ್ಟು ಹೊರಬೇಕಾಗುತ್ತದೆ ಎನ್ನುತ್ತದೆ. ಪೂರ್ತಿ ಅಲ್ಲ, ಒಂದಿಷ್ಟು. ಮಾಡಿದವನ ಭಾರ ಇಳಿಯದೆ ಮಾಡಿಸಿದವನ ಮೇಲೂ ಭಾರ ಬೀಳುವ ಈ ಜಾಣ ಅಳತೆ ಹವಾಮಾನದ ಮಾತುಕತೆಗಳಲ್ಲಿ ಇನ್ನೂ ಸಿಕ್ಕಿಲ್ಲ.

ಈಗ ಪಟ್ಟಿಗೆ ಬರೋಣ. ಜಗತ್ತು ವರ್ಷಕ್ಕೆ ಸುಮಾರು 400 ಕೋಟಿ ಟನ್ ಸಿಮೆಂಟ್ ಮಾಡುತ್ತದೆ, ಅರ್ಧದಷ್ಟು ಚೀನಾದಲ್ಲೇ. ಎರಡನೇ ಸ್ಥಾನದ ಭಾರತದ್ದು 40 ಕೋಟಿ ಟನ್ನಿನ ಆಸುಪಾಸು. ಕಲ್ಲಿನಿಂದ ಏಳುವ ಅನಿಲವನ್ನಷ್ಟೇ ತೆಗೆದುಕೊಂಡರೆ ಜಗತ್ತಿನ ಮೊತ್ತ 160 ಕೋಟಿ ಟನ್ನಿನ ಹತ್ತಿರ. ಅದರಲ್ಲಿ ಚೀನಾ 70–80 ಕೋಟಿ, ಭಾರತ 15 ಕೋಟಿ, ಅಮೆರಿಕ 4 ಕೋಟಿ. ತಲೆಗೆ ಹಂಚಿದರೆ ಚೀನಾದವನಿಗೆ ಅರ್ಧ ಟನ್, ಭಾರತೀಯನಿಗೂ ಅಮೆರಿಕದವನಿಗೂ ಹೆಚ್ಚುಕಡಿಮೆ ಸಮ, ತಲಾ ನೂರು ಕೆಜಿ ಚಿಲ್ಲರೆ. ಇಂಧನ ಸೇರಿಸಿದ ಒಟ್ಟು ಲೆಕ್ಕದಲ್ಲಿ ಭಾರತೀಯನಿಗೆ 2 ಟನ್, ಅಮೆರಿಕದವನಿಗೆ 14 ಟನ್ ಎಂದು ಕೇಳಿ ಅಭ್ಯಾಸವಾದವರಿಗೆ ಈ ಸಮಾನತೆ ವಿಚಿತ್ರವಾಗಿ ಕಾಣಬಹುದು.

ವಿಚಿತ್ರವೇನಿಲ್ಲ. ಅಮೆರಿಕ ತನ್ನ ಅಣೆಕಟ್ಟೆ, ಹೆದ್ದಾರಿ, ಊರುಗಳನ್ನು ಕಳೆದ ಶತಮಾನದಲ್ಲೇ ಕಟ್ಟಿ ಮುಗಿಸಿತು. ಚೀನಾ 2011ರಿಂದ 2013ರವರೆಗಿನ ಮೂರೇ ವರ್ಷದಲ್ಲಿ ಬಳಸಿದ ಸಿಮೆಂಟು ಅಮೆರಿಕ ಇಡೀ ಇಪ್ಪತ್ತನೇ ಶತಮಾನದಲ್ಲಿ ಬಳಸಿದ್ದಕ್ಕಿಂತ ಹೆಚ್ಚು ಎಂಬ ಲೆಕ್ಕ ಪ್ರಸಿದ್ಧ. ಭಾರತದ ಕಟ್ಟೋಣ ಈಗ ನಡೆಯುತ್ತಿದೆ, ಆಫ್ರಿಕಾದ ಬಹುಪಾಲು ದೇಶಗಳದ್ದು ಮುಂದೆ ಬರಲಿದೆ. ಒಂದು ವರ್ಷದ ಅಂಕಿ ಹಿಡಿದು ಪ್ರದೇಶಗಳನ್ನು ತೂಗುವುದು ಜನ್ಮಾಂತರದ ಕರ್ಮವನ್ನು ಮರೆತು ಒಂದು ದಿನದ ನಡತೆ ನೋಡಿ ತೀರ್ಪು ಕೊಟ್ಟ ಹಾಗೆ. ಕೈಗಾರಿಕಾ ಕ್ರಾಂತಿಯಿಂದ ಈಚೆಗೆ ಸೇರಿಕೊಂಡ ಒಟ್ಟು ಇಂಗಾಲದ ಡೈಆಕ್ಸೈಡ್‌ನಲ್ಲಿ ಅಮೆರಿಕದ ಪಾಲು ಸುಮಾರು ನಾಲ್ಕನೇ ಒಂದು, ಭಾರತದ್ದು ನೂರಕ್ಕೆ ಮೂರೂವರೆಯ ಆಸುಪಾಸು. ಇದು ಸಂಚಿತ. ಈ ವರ್ಷ ಗೂಡಿನಿಂದ ಏಳುತ್ತಿರುವುದು ಆಗಾಮಿ. ನಮ್ಮ ಹಿರಿಯರಿಗೆ ಈ ಎರಡಕ್ಕೂ ಬೇರೆ ಖಾತೆ ಇತ್ತು.

ರತ್ನಾಕರನ ಕಥೆ ಸಿಮೆಂಟಿಗೆ ಪೂರ್ತಿ ಹೊಂದುವುದಿಲ್ಲ ಎಂಬುದನ್ನೂ ಹೇಳಿಬಿಡಬೇಕು. ಚೀನಾದ ಹೊಗೆಗೆಲ್ಲ ಪಾಶ್ಚಾತ್ಯರ ಕೊಳ್ಳುಬಾಕತನವೇ ಕಾರಣ ಎಂಬ ಮಾತು ಉಡುಪು, ಮೊಬೈಲುಗಳ ಮಟ್ಟಿಗೆ ನಿಂತೀತು. ಸಿಮೆಂಟು ಭಾರ, ಅಗ್ಗ. ಹಡಗಿನಲ್ಲಿ ದೂರ ಸಾಗಿಸಿದರೆ ಗಿಟ್ಟುವುದಿಲ್ಲ. ಟರ್ಕಿ, ವಿಯೆಟ್ನಾಂಗಳಂಥ ದೇಶಗಳು ರಫ್ತು ಮಾಡುತ್ತವೆ ನಿಜ, ಆದರೆ ಒಟ್ಟು ಉತ್ಪಾದನೆಯಲ್ಲಿ ಗಡಿ ದಾಟುವುದು ಅಲ್ಪ. ಚೀನಾದ ಸಿಮೆಂಟು ಚೀನಾದ ಮನೆಗಳಲ್ಲೇ ಇದೆ, ಎಷ್ಟೋ ಮನೆಗಳಲ್ಲಿ ಜನವೇ ಇಲ್ಲ. ಅಲ್ಲಿ ದೋಚಿದವನೂ ಉಂಡವನೂ ಒಬ್ಬನೇ.

ಸಿಮೆಂಟಿನ ಪಾಪ ದೇಶದ ಗಡಿ ದಾಟುವುದಿಲ್ಲ, ಜಿಲ್ಲೆಯ ಗಡಿ ದಾಟುತ್ತದೆ. ಹೊರೆ ಎಲ್ಲರಿಗೂ ಸಮವಲ್ಲ ಎಂದು ಯುರೋಪಿನೆದುರು ಭಾರತ ಹೂಡುವ ವಾದವನ್ನು ಸೇಡಂನವರು ಬೆಂಗಳೂರಿನೆದುರು ಅಕ್ಷರಶಃ ಹೂಡಬಹುದು: ಗಣಿಯ ಗುಂಡಿ ನಮಗೆ, ಧೂಳು ನಮಗೆ, ಚಿಮಣಿಯ ಲೆಕ್ಕ ನಮಗೆ, ಅಪಾರ್ಟ್‌ಮೆಂಟು, ಮೇಲ್ಸೇತುವೆ ನಿಮಗೆ. ಆ ವಾದದಲ್ಲಿ ರಾಮನಗರದ ಸ್ಥಾನ ಮಾತ್ರ ಅಡ್ಡಗೋಡೆಯ ಮೇಲೆ. ಜಲ್ಲಿ, ಎಂ-ಸ್ಯಾಂಡ್ ಕೊಡುವಾಗ ಅದು ಸೇಡಂನ ಪಕ್ಕ, ಚೀಲ ಇಳಿಸಿಕೊಳ್ಳುವಾಗ ಬೆಂಗಳೂರಿನ ಪಕ್ಕ.

ಯೂರಿಯಾದ ವಿಷಯಕ್ಕೆ ಬಂದರೆ ಇದೇ ಲೆಕ್ಕಪದ್ಧತಿ ತಲೆಕೆಳಗಾಗಿ ನಿಲ್ಲುತ್ತದೆ. ನೈಸರ್ಗಿಕ ಅನಿಲದಿಂದ ಅಮೋನಿಯಾ ಮಾಡುವಾಗ ಇಂಗಾಲದ ಡೈಆಕ್ಸೈಡ್ ಹೇರಳವಾಗಿ ಹುಟ್ಟುತ್ತದೆ. ಅದರಲ್ಲಿ ಒಂದು ಭಾಗವನ್ನು ಹೊರಗೆ ಬಿಡದೆ ಹಿಡಿದು ಮತ್ತೆ ಅಮೋನಿಯಾಕ್ಕೆ ಸೇರಿಸಿದರೆ ಯೂರಿಯಾ. ಹಿಪ್ಪುನೇರಳೆ ತೋಟಕ್ಕೆ ಎರಚಿದ ಮೇಲೆ ತೇವದ ಮಣ್ಣಿನಲ್ಲಿ ಯೂರಿಯಾ ಒಡೆಯುತ್ತದೆ, ಸೆರೆಯಾಗಿದ್ದ ಅನಿಲ ಕೆಲವೇ ದಿನದಲ್ಲಿ ಹೊರಬೀಳುತ್ತದೆ. 45 ಕೆಜಿಯ ಒಂದು ಚೀಲದಲ್ಲಿ ಹೀಗೆ ಅಡಗಿರುವುದು 33 ಕೆಜಿ, ಸಿಮೆಂಟಿನ ಚೀಲದ್ದಕ್ಕಿಂತ ಹೆಚ್ಚು. ಅಂತರರಾಷ್ಟ್ರೀಯ ನಿಯಮದಂತೆ ಇದನ್ನು ಕಾರ್ಖಾನೆಯ ಲೆಕ್ಕದಿಂದ ಕಳೆದು, ಗೊಬ್ಬರ ಬಿದ್ದ ಹೊಲದ ಲೆಕ್ಕಕ್ಕೆ, ಕೃಷಿಯ ತಲೆಬರಹದಡಿ ಬರೆಯಬೇಕು. ಯೂರಿಯಾ ಮಂಗಳೂರಿನ ಪಣಂಬೂರಿನದ್ದಾದರೆ ದೇಶದೊಳಗೇ ಖಾತೆ ಬದಲು. ಒಮಾನಿನಿಂದ ಹಡಗಿನಲ್ಲಿ ಬಂದದ್ದಾದರೆ, ಅರಬ್ಬಿ ಸಮುದ್ರದಾಚೆಯ ಅನಿಲಬಾವಿಯ ಇಂಗಾಲ ಕನಕಪುರದ ರೈತನ ಹೆಸರಿಗೆ ಜಮೆಯಾಗುತ್ತದೆ.

ಲೆಕ್ಕದವರ ಸಮಜಾಯಿಷಿ ಸರಿಯಾಗಿಯೇ ಇದೆ: ಅನಿಲ ನಿಜಕ್ಕೂ ಹೊರಬೀಳುವುದು ಹೊಲದಲ್ಲಿ. ಆದರೂ ಒಂದು ಮಾತು ಉಳಿಯುತ್ತದೆ. ಸಿಮೆಂಟಿನಲ್ಲಿ ಬಳಸಿದವನನ್ನು ಬಿಟ್ಟು ಮಾಡಿದವನನ್ನು ಹಿಡಿಯುವ ನಿಯಮ, ಯೂರಿಯಾದಲ್ಲಿ ಮಾಡಿದವನನ್ನು ಬಿಟ್ಟು ಬಳಸಿದವನನ್ನು ಹಿಡಿಯುತ್ತದೆ. ಎರಡರಲ್ಲೂ ಅದು ನೋಡುವುದು ಅನಿಲ ಎದ್ದ ಜಾಗವನ್ನು. ಯಾರ ಇಚ್ಛೆ, ಯಾರ ಲಾಭ, ಯಾರಿಗೆ ಬೇರೆ ದಾರಿ ಇತ್ತು ಎಂಬುದು ಅದರ ಕಣ್ಣಿಗೆ ಬೀಳುವುದಿಲ್ಲ. ಕರ್ಮದ ವಿಚಾರ ಶುರುವಾಗುವುದೇ ಆ ಮೂರು ಪ್ರಶ್ನೆಗಳಿಂದ.

ಬೇರೆ ದಾರಿ ಇದೆಯೇ ಎಂಬುದಕ್ಕೆ ರೇಷ್ಮೆಯಲ್ಲೇ ಒಂದು ಉತ್ತರವಿದೆ. ಸ್ಪನ್ ಸಿಲ್ಕ್ ಗಿರಣಿಗಳಲ್ಲಿ ತೂತಾದ ಗೂಡು, ತುಂಡು ಎಳೆ, ರೀಲರ್ ಬಿಸಾಡಿದ ಜುಂಗನ್ನೇ ಹತ್ತಿಯಂತೆ ನೂಲುತ್ತಾರೆ. ಚಿಟ್ಟೆ ಹಾರಿಹೋದ ಗೂಡಿನಿಂದಲೂ ಬಟ್ಟೆ ಆಗುತ್ತದೆ, ಹೊಳಪು ಸ್ವಲ್ಪ ಕಡಿಮೆ. ಸಿಮೆಂಟಿನಲ್ಲೂ ಈ ಬಗೆಯ ದಾರಿಗಳಿವೆ. ಉಷ್ಣವಿದ್ಯುತ್ ಸ್ಥಾವರದ ಹಾರುಬೂದಿ, ಉಕ್ಕಿನ ಕುಲುಮೆಯ ಕಿಟ್ಟ ಬೆರೆಸಿದಷ್ಟೂ ಕ್ಲಿಂಕರ್ ಕಡಿಮೆ ಸಾಕು. ಭಾರತದ ಕಾರ್ಖಾನೆಗಳು ಇದರಲ್ಲಿ ಎಷ್ಟೋ ಶ್ರೀಮಂತ ದೇಶಗಳಿಗಿಂತ ಮುಂದಿವೆ. ಉದಾತ್ತ ಕಾರಣಕ್ಕೇನಲ್ಲ, ಬೂದಿ ಅಗ್ಗ. ಸುಟ್ಟ ಜೇಡಿಮಣ್ಣು ಮತ್ತು ಸುಡದ ಸುಣ್ಣದ ಕಲ್ಲು ಬೆರೆಸಿದ ಎಲ್‌ಸಿ3 ಎಂಬ ಸಿಮೆಂಟಿಗೂ ಈಗ ಭಾರತೀಯ ಮಾನಕ ಇದೆ. ನಾರ್ವೆಯ ಬ್ರೆವಿಕ್‌ನಲ್ಲಿ 2025ರಿಂದ ಒಂದು ಕಾರ್ಖಾನೆ ವರ್ಷಕ್ಕೆ 4 ಲಕ್ಷ ಟನ್ ಅನಿಲವನ್ನು ಚಿಮಣಿಯಲ್ಲೇ ಹಿಡಿದು ಉತ್ತರ ಸಮುದ್ರದ ತಳದಡಿ ಹೂಳುವ ವ್ಯವಸ್ಥೆ ಮಾಡಿಕೊಂಡಿದೆ. ತೈಲದ ದುಡ್ಡಿನಲ್ಲಿ ಕೂತ ಸರ್ಕಾರ ಖರ್ಚಿನ ದೊಡ್ಡ ಪಾಲು ಹೊತ್ತದ್ದರಿಂದ ಅದು ಆಯಿತು. ಪ್ರಾಯಶ್ಚಿತ್ತಕ್ಕೂ ಗೋದಾನ ಮಾಡುವಷ್ಟು ಶಕ್ತಿ ಇರಬೇಕು.

ಕಲ್ಲು ತಾನಾಗಿಯೇ ಮಾಡಿಕೊಳ್ಳುವ ಪ್ರಾಯಶ್ಚಿತ್ತವೊಂದಿದೆ. ಮಾಗಡಿಯ ಕೆಂಪೇಗೌಡರ ಕಾಲದಲ್ಲಿ ಸಿಮೆಂಟ್ ಇರಲಿಲ್ಲ, ಕಟ್ಟೋಣಕ್ಕೆ ಸುಣ್ಣದ ಗಾರೆ. ಸುಟ್ಟ ಸುಣ್ಣವನ್ನು ನೀರಿನಲ್ಲಿ ಅರಳಿಸಿ, ಮರಳು ಬೆರೆಸಿ ಅರೆದು, ಬೆಲ್ಲದ ನೀರು ಹಾಕಿ ಹದ ಮಾಡುತ್ತಿದ್ದರು. ಆ ಗಾರೆ ಗಟ್ಟಿಯಾಗುವುದೇ ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಎಳೆದುಕೊಂಡು. ಗೂಡಿನಲ್ಲಿ ಕಳೆದುಕೊಂಡದ್ದನ್ನು ಗೋಡೆ ವರ್ಷಗಳುದ್ದಕ್ಕೂ ವಾಪಸು ಪಡೆದು ಮತ್ತೆ ಸುಣ್ಣದ ಕಲ್ಲಾಗುತ್ತದೆ. ಸೌದೆಯ ಹೊಗೆ ಮಾತ್ರ ಈ ಲೆಕ್ಕದ ಹೊರಗೆ. ಕಾಂಕ್ರೀಟೂ ಇದನ್ನೇ ಮಾಡುತ್ತದೆ, ಅಷ್ಟು ಚೆನ್ನಾಗಿ ಅಲ್ಲ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನ 1930ರಿಂದ 2013ರವರೆಗೆ ಸಿಮೆಂಟಿನ ಕಲ್ಲಿನಿಂದ ಎದ್ದ ಅನಿಲದಲ್ಲಿ ನೂರಕ್ಕೆ 43ರಷ್ಟನ್ನು ಗೋಡೆ, ಗಾರೆ, ಒಡೆದ ಕಟ್ಟಡದ ಪುಡಿಗಳೇ ಮರಳಿ ಹೀರಿಕೊಂಡಿವೆ ಎಂದು ಅಂದಾಜಿಸಿತು. ದೇಶಗಳು ವಿಶ್ವಸಂಸ್ಥೆಗೆ ಒಪ್ಪಿಸುವ ಪಟ್ಟಿಯಲ್ಲಿ ಈ ಜಮೆ ಸಾಮಾನ್ಯವಾಗಿ ಕಾಣುವುದಿಲ್ಲ. ಕಂಡರೆ ಯಾರಿಗೆ ಸೇರಬೇಕು? ಅನಿಲ ಬಿಟ್ಟದ್ದು ಮಳಖೇಡದ ಗೂಡು, ಹೀರಿದ್ದು ಹಾರೋಹಳ್ಳಿಯ ಗೋಡೆ. ಪಾಪ ಮಾತ್ರ ಮಾಡಿದವನಿಗೆ, ಪುಣ್ಯ ಕೊಂಡವನಿಗೆ ಎಂದಾದರೆ ರತ್ನಾಕರನ ಮನೆಯವರೂ ನಾಚಿಯಾರು.

ಯುರೋಪ್ ಒಕ್ಕೂಟ ಈಗ ಪಾಪದ ಪಾಲನ್ನು ರೊಕ್ಕದಲ್ಲಿ ಕೇಳತೊಡಗಿದೆ. 2023ರ ಅಕ್ಟೋಬರ್‌ನಿಂದ ಬರೀ ವರದಿ ಕೇಳುತ್ತಿದ್ದ ಅದರ ಗಡಿ ಇಂಗಾಲ ಸುಂಕ 2026ರ ಜನವರಿಯಿಂದ ಅಸಲಿ ಹಂತಕ್ಕೆ ಬಂದಿದೆ. ಸಿಮೆಂಟು, ಕಬ್ಬಿಣ, ಉಕ್ಕು, ಅಲ್ಯೂಮಿನಿಯಂ, ಗೊಬ್ಬರ, ಜಲಜನಕ, ವಿದ್ಯುತ್ ಇದರ ವ್ಯಾಪ್ತಿಗೆ ಬರುತ್ತವೆ; ಉಕ್ಕಿನ ಬೋಲ್ಟು, ನಟ್ಟುಗಳೂ ಬಿಟ್ಟಿಲ್ಲ. ಉಂಡವರೂ ಪಾಲು ಹೊರಬೇಕು ಎಂಬುದು ಇದರ ತತ್ತ್ವವಾಗಿದ್ದರೆ ಮೆಚ್ಚಬಹುದಿತ್ತು. ಆದರೆ ವಸೂಲಾದ ಹಣ ಸೇರುವುದು ಯುರೋಪಿನ ಬೊಕ್ಕಸಕ್ಕೇ, ಸಾಮಾನು ಕಳಿಸಿದ ದೇಶಕ್ಕೆ ಗಾಳಿ ಕಾಯುವ ಕೆಲಸಕ್ಕಾಗಿ ಅದು ಮರಳಬೇಕೆಂಬ ಕಟ್ಟುಪಾಡಿಲ್ಲ. 1992ರ ರಿಯೊ ಸಮ್ಮೇಳನ ಒಪ್ಪಿದ, ಎಲ್ಲರಿಗೂ ಜವಾಬ್ದಾರಿ ಇದೆ, ಸಮವಾಗಿ ಇಲ್ಲ ಎಂಬ ಸೂತ್ರವನ್ನು ಹಿಡಿದು ಭಾರತ ಇದನ್ನು ವಿರೋಧಿಸುತ್ತಿದೆ. ವಿರೋಧದಲ್ಲಿ ನ್ಯಾಯವಿದೆ. ಆ ನ್ಯಾಯವನ್ನು ದೇಶದೊಳಗೆ ಸೇಡಂ ತಾಲ್ಲೂಕಿಗೂ ಅನ್ವಯಿಸುತ್ತೇವೆಯೇ ಎಂದು ದೆಹಲಿಯನ್ನೋ ಬೆಂಗಳೂರನ್ನೋ ಕೇಳಿದರೆ ತಕ್ಷಣ ಉತ್ತರ ಬರಲಾರದು.

ಇಂಗಾಲ ವ್ಯಾಪಾರದ ಯೋಜನೆಯೊಂದನ್ನು ಕೇಂದ್ರ ಸರ್ಕಾರ 2023ರಲ್ಲಿ ಪ್ರಕಟಿಸಿ, 2025ರಲ್ಲಿ ಸಿಮೆಂಟ್ ಸೇರಿದಂತೆ ಕೆಲವು ಉದ್ಯಮಗಳಿಗೆ ಒಂದು ಟನ್ ಸರಕಿಗೆ ಇಷ್ಟೇ ಅನಿಲ ಎಂಬ ಗುರಿಗಳನ್ನು ಗೊತ್ತುಮಾಡಿತು. ಮೀರಿದ ಕಾರ್ಖಾನೆ ಪ್ರಮಾಣಪತ್ರ ಕೊಳ್ಳಬೇಕು, ಕೆಳಗೆ ಉಳಿದದ್ದು ಮಾರಬಹುದು. ಗುರಿ ಬಿದ್ದಿರುವುದು ಗೂಡಿನ ಮೇಲೆ, ಕಟ್ಟಿಸುವವನ ಮೇಲಲ್ಲ. ಆದರೂ ಪ್ರಮಾಣಪತ್ರದ ಖರ್ಚು ಕಾರ್ಖಾನೆಯ ಗೇಟಿನಲ್ಲೇ ನಿಲ್ಲುವುದಿಲ್ಲ. ಲಾರಿ ಹತ್ತಿ, ಚೀಲಕ್ಕೆ ಐದೋ ಹತ್ತೋ ರೂಪಾಯಿಯಾಗಿ ಮಾಗಡಿಯ ಹಾರ್ಡ್‌ವೇರ್ ಅಂಗಡಿಯವರೆಗೂ ಬಂದೇ ಬರುತ್ತದೆ. ಕೌಂಟರಿನ ಮುಂದೆ ನಿಂತ ಗಾರೆ ಮೇಸ್ತ್ರಿ ಅದನ್ನು ಪಾಪದ ಪಾಲು ಎನ್ನುವುದಿಲ್ಲ. ಸಿಮೆಂಟು ಮತ್ತೆ ಏರಿತಲ್ಲಣ್ಣ, ಎಷ್ಟು ಬಿಡ್ತೀಯಾ ಹೇಳು ಎಂದು ಚೌಕಾಸಿಗೆ ಇಳಿಯುತ್ತಾನೆ.